ಕಿಂಡಿ ಮುಚ್ಚಿದ ದಿನ

ಚಿತ್ರದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಕಾಲ. ಕುರಿ ಕಾಯುವ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು, ಜಂಬ ತಲೆಗೇರಿತ್ತು. ರಜೆಗೆ ಮತ್ತೋಡಿನ ಹತ್ತಿರದ ನಮ್ಮೂರಿಗೆ ಬಂದಾಗ ಅಕ್ಕ ಬಾಣಂತಿ. ಕೂಸಿಗೆ ಹನ್ನೊಂದು ದಿನ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದರಿಂದ ಕೈಕಾಲು ಸದಾ ತಣ್ಣಗೆ. ಬೆಚ್ಚಗಿಟ್ಟರೆ ಉಳಿಯುತ್ತದೆ ಎಂದಿದ್ದಳು ಸೂಲಗಿತ್ತಿ.

ಬಾಣಂತಿ ಕೋಣೆಯಲ್ಲಿ ಒಡೆದ ಮಡಕೆಯ ತುಂಬ ಕೆಂಡ. ಆದರೆ ಗೋಡೆಯ ಮೇಲ್ಗಡೆಯ ಕಿಂಡಿಯನ್ನು ಅಜ್ಜಿ ಮುಚ್ಚಗೊಡುತ್ತಿರಲಿಲ್ಲ. ಸತ್ತ ಹಿರಿಯರು ಕೂಸನ್ನು ನೋಡಲು ಅಲ್ಲಿಂದ ಬಂದುಹೋಗುತ್ತಾರಂತೆ.

ಅಜ್ಜಿಗೆ ಕೆಮ್ಮು ಕಲಿಸಲು ಹೊರಟೆ. "ಬಿಸಿಯೆಲ್ಲ ಅಲ್ಲಿಂದ್ಲೇ ಹೋಗ್ತೈತೆ ಅಜ್ಜಿ. ಶಕ್ತಿ ಹುಟ್ಟಲ್ಲ, ಸಾಯಲ್ಲ. ಹೊರಗೆ ಬಿಟ್ರೆ ಹೋತು, ಒಳಗೆ ಹಿಡಿದ್ರೆ ಉಳೀತು."

"ಓದ್ದೋಳು ನೀನು. ಆದ್ರೂ ಅದನ್ನ ಮುಚ್ಚಬ್ಯಾಡ ಕಣವ್ವ," ಎಂದಳು.

ಬೆಳಿಗ್ಗೆ ಅವಳು ಕುರಿಹಟ್ಟಿಗೆ ಹೋದದ್ದೇ ತಡ, ಕಿಂಡಿಗೆ ಕಂಬಳಿ ತುರುಕಿದೆ. ಬಾಗಿಲ ಸಂದಿಗೂ ಗೋಣಿ ಒತ್ತಿದೆ. ಅಕ್ಕ ನಗುತ್ತಾ ಕೂಸನ್ನು ಮಗ್ಗುಲಿಗೆ ಎಳೆದುಕೊಂಡು ಮಲಗಿದಳು.

ಮಧ್ಯಾಹ್ನ ಗಂಜಿ ಒಯ್ದಾಗ ಕೋಣೆ ಕಾದಿತ್ತು. ಅಕ್ಕನಿಗೆ ಎಚ್ಚರವಿರಲಿಲ್ಲ. ಅಮ್ಮನೂ ನಾನೂ ಅಂಗಳಕ್ಕೆ ಎಳೆದು ತಂದು ನೀರು ಚಿಮುಕಿಸಿದ ಮೇಲೆ ವಾಂತಿ ಮಾಡಿ ಕಣ್ಣು ಬಿಟ್ಟಳು. ಕೂಸು ಉಸಿರಾಡುತ್ತಿರಲಿಲ್ಲ. ಆದರೆ ಅದರ ಕೆನ್ನೆ ಹುಟ್ಟಿದಾಗಿನಿಂದ ಎಂದೂ ಇಲ್ಲದಷ್ಟು ಕೆಂಪಗಿತ್ತು, ಅಂಗೈ ಬಿಸಿಯಾಗಿತ್ತು. ಬದುಕಿದ್ದಾಗ ಇಲ್ಲದ ಕಳೆ ಸತ್ತ ಮೇಲೆ ಬಂದಿತ್ತು. ಅದನ್ನು ಕಂಡು ನನಗೆ ಭಯವಾಯಿತು. ಇಷ್ಟು ಬಿಸಿಯಿರುವ ಮಗುವನ್ನು ಮಣ್ಣು ಮಾಡುವುದುಂಟೇ ಎಂದು ಅಮ್ಮ ಸಂಜೆಯವರೆಗೂ ಮಡಿಲಿಂದ ಇಳಿಸಲಿಲ್ಲ. ಆ ಗದ್ದಲದಲ್ಲಿ ನಾನು ಕಂಬಳಿ ಕಿತ್ತು ಮಡಿಚಿಟ್ಟೆ. ಹಟ್ಟಿಯಿಂದ ಬಂದ ಅಜ್ಜಿ ತೆರೆದ ಕಿಂಡಿಯನ್ನೇ ನೋಡಿ, "ಹಿರೇರು ಎತ್ಕೊಂಡು ಹೋದ್ರು," ಎಂದಳು.

ಕಾಲೇಜಿಗೆ ಮರಳಿ ಶಕ್ತಿಯ ನಿಯಮವಿದ್ದ ಪುಟವನ್ನು ಮತ್ತೆ ಓದಿದೆ. ಮುಚ್ಚಿದ ವ್ಯವಸ್ಥೆಯಲ್ಲಿ ಶಾಖ ದಾಟಬಹುದು, ವಸ್ತು ದಾಟುವಂತಿಲ್ಲ. ಗಾಳಿಯೂ ವಸ್ತುವೇ ಎಂಬುದು ನನಗೆ ಹೊಳೆದಿರಲಿಲ್ಲ. ಗಾಳಿ ಸಾಲದ ಕೋಣೆಯಲ್ಲಿ ಕೆಂಡ ವಿಷಗಾಳಿ ಕಾರುತ್ತದೆ; ಕೂಸಿನ ಕೆನ್ನೆಯ ಕೆಂಪೂ ಅದರದ್ದೇ. ನಿಯಮ ಎಲ್ಲೂ ತಪ್ಪಿರಲಿಲ್ಲ.

ಮುಂದೆ ನಾನೇ ಆ ಪಾಠ ಹೇಳುವ ಟೀಚರಾದೆ. ಕೂಸು ಯಾಕೆ ಸತ್ತಿತೆಂದು ಅಕ್ಕನಿಗೆ ಮಾತ್ರ ಇಂದಿಗೂ ಹೇಳಿಲ್ಲ. ನಾನೊಬ್ಬ ಹೇಡಿ. ಊರಿಗೆ ಹೋದಾಗಲೆಲ್ಲ ಅವಳು ನನ್ನ ತಲೆ ಸವರಿ ಅನ್ನುತ್ತಾಳೆ: "ನೀನಿದ್ದಿದ್ದಕ್ಕೆ ನನ್ ಕೂಸು ಬೆಚ್ಚಗಾದ್ರೂ ಹೋತು ಕಣೇ."