ಕಾಡವ್ವ ಕುಡಿಸಿದ ನೊರೆಹಾಲು

ಬೀಡಿ ಎಂಬ ಊರಿನಲ್ಲಿ ಯಾರ ಎಮ್ಮೆ ಈಯಲು ತಿಣುಕಿದರೂ ಮೊದಲ ಕರೆ ಕಾಡವ್ವನಿಗೆ. ಸೆರಗು ಬಿಗಿದು, ಎಣ್ಣೆ ಸವರಿದ ಬರಿಗೈ ಒಳಗೆ ಹಾಕಿ ಕರು ತಿರುಗಿಸುವಳು. ಮಾಸು ಬೀಳದಿದ್ದರೆ ಅದನ್ನೂ ಬಿಡಿಸುವಳು. ಹೀಗಾಗಿ ಜಂಬಕ್ಕೇನೂ ಕಡಿಮೆ ಇರಲಿಲ್ಲ. ಹಾಲಿನ ವಿಷಯದಲ್ಲಂತೂ ಅವಳದೇ ಕಾಯಿದೆ. ಬಸುರಿ ಸೊಸೆ ಪ್ರಮಿಳಾಳಿಗೆ ದಿನಾ ಬೆಳಿಗ್ಗೆ ಒಂದು ತಂಬಿಗೆ ನೊರೆಹಾಲು, ಅದೂ ಹಸಿಯದು.

"ಕಾಯಿಸಿದ್ರ ಹಾಲಿನ ಕಸುವು ಹೋಗ್ತೈತಿ. ಕುಡಿ," ಎಂದು ತಂಬಿಗೆ ಕೈಗಿಟ್ಟು ಮುಂದಿನ ಎಮ್ಮೆ ಹಿಂಡಲು ಹೋಗುತ್ತಿದ್ದಳು.

ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ, ಸೊಸೆಗೆ ಹಾಲು ಕೊಡುತ್ತಿದ್ದ ಎಮ್ಮೆಯೇ ತಿಂಗಳು ತುಂಬುವ ಮೊದಲು ಕಂದು ಹಾಕಿತು. ದನದ ಡಾಕ್ಟರ್ ತವನಪ್ಪ ಅದರ ರಕ್ತ ಒಯ್ದು ಪರೀಕ್ಷೆ ಮಾಡಿಸಿ ಬಂದರು.

"ಕಂದುರೋಗ ಐತ್ರಿ ಕಾಡವ್ವ. ಹಸಿ ಹಾಲಿನಾಗ ಮನಶ್ಯಾರಿಗೂ ಹತ್ತತೈತಿ. ಬಸರಿ ಹೆಂಗಸು ಕುಡದ್ರ ಕೂಸಿನ ಜೀವಕ್ಕೂ ಧೋಕಾ."

ಕಾಡವ್ವ ಲೆಕ್ಕ ಹಾಕಿದಳು, ದಿನಕ್ಕೊಂದು ತಂಬಿಗೆ. ತಾನೇ ಕುಡಿಸಿದ್ದು! ಮರುದಿನ ಸೊಸೆಯನ್ನು ಕರೆದುಕೊಂಡು ಬೆಳಗಾವಿಯ ಬಸ್ಸು ಹತ್ತಿದಳು. ಪ್ರಮಿಳಾ ತಲೆ ಎತ್ತಲಿಲ್ಲ. ಹೆದರಿದ್ದಾಳೆ ಎಂದುಕೊಂಡಳು ಅತ್ತೆ.

ಅಲ್ಲಿ ಶಹಾಪುರ ಪೇಟೆಯ ರಕ್ತಪರೀಕ್ಷೆಯ ಅಂಗಡಿಯಲ್ಲಿ ಕಾಡವ್ವ ಹಾಲಿನದು, ತಾನು ಎಮ್ಮೆಗಳ ಮಾಸು ಬಿಡಿಸುವುದು, ಎಲ್ಲ ಹೇಳಿಕೊಂಡಳು. ದೀಪಾಲಿ ಎಂಬ ಹುಡುಗಿ ಪ್ರಮಿಳಾಳ ರಕ್ತದ ತಿಳಿಯನ್ನು ಬಿಳಿ ಬಿಲ್ಲೆಯ ಮೇಲೆ ಒಂದು ಹನಿ ಬಿಟ್ಟಳು. ಪಕ್ಕಕ್ಕೆ ಗುಲಾಬಿ ಬಣ್ಣದ ಔಷಧಿ ಹಾಕಿ, ಕಡ್ಡಿಯಿಂದ ಕಲಸಿ, ಬಿಲ್ಲೆಯನ್ನು ಮೆಲ್ಲಗೆ ತೂಗತೊಡಗಿದಳು.

"ರೋಗ ಇದ್ರ ಹಾಲು ಒಡದಂಗ ಒಡೀತೈತ್ರಿ," ಎಂದಳು.

ಕಾಡವ್ವ ಬಿಲ್ಲೆಯ ಮೇಲೆ ಬಾಗಿ ನೋಡಿದಳು. 'ಒಡೀಬ್ಯಾಡ, ಒಡೀಬ್ಯಾಡ' ಎಂದು ಒಳಗೊಳಗೇ ಬೇಡಿಕೊಂಡಳು. ಹನಿ ತೂಗಿತು, ಹರಡಿತು, ಒಡೆಯಲಿಲ್ಲ.

"ಏನೂ ಇಲ್ರಿ. ದಿನಾ ಹಸಿ ಹಾಲು ಕುಡದ್ರೂ ಹತ್ತಿಲ್ಲ ಅಂದ್ರ ನಶೀಬ ಛಲೋ ಐತಿ."

ಪ್ರಮಿಳಾ ಅಳತೊಡಗಿದಳು. "ಹಸೀದು ಕುಡದಿಲ್ರೀ ಅತ್ತಿ. ವಾಸನಿಗೆ ವಾಂತಿ ಬರ್ತಿತ್ತು. ನೀವು ಆ ಕಡೆ ಹೋದಕೂಡ್ಲೇ ಕುದಿಸಿ ಕುಡೀತಿದ್ನಿ. ಹೇಳಾಕ ಅಂಜಿಕಿ ಬಂತ್ರೀ."

ಬೇರೆ ದಿನವಾಗಿದ್ದರೆ ಕಾಡವ್ವ ಊರೇ ಕೇಳುವಂತೆ ಬೈಯುತ್ತಿದ್ದಳು. ಈಗ ಸೊಸೆಯ ಕೆನ್ನೆ ಒರೆಸಿ, "ನನ್ನ ಮಾತು ಮೀರಿದ್ದು ಭಾಳ ಛಲೋ ಮಾಡಿದಿ ನೋಡವಾ," ಎಂದಳು.

"ನೀವೂ ಕೈ ಚಾಚ್ರಿ ಅಮ್ಮಾ," ಎಂದಳು ದೀಪಾಲಿ. "ಎಮ್ಮಿ ಮಾಸು ಬಿಡಸಾವ್ರು ನೀವಲ್ಲೇನ್ರಿ? ಬರಿಗೈಲೆ ಮುಟ್ಟಿದ್ರೂ ಹತ್ತತೈತಿ."

ಕೆಲವು ವಾರಗಳಿಂದ ಸಂಜೆ ಜ್ವರ, ಕೀಲುನೋವು. ಕಾಡವ್ವ ವಯಸ್ಸಿನ ತಲೆಗೆ ಕಟ್ಟಿದ್ದಳು. ಅವಳ ಹನಿ ಔಷಧಿಗೆ ತಾಗಿ ಸ್ವಲ್ಪ ಹೊತ್ತಿಗೇ ಕಾಳುಕಾಳಾಗಿ ಒಡೆಯಿತು.

ಅವಳು ಕೇಳಿದ್ದು ಒಂದೇ ಮಾತು: "ನಾ ಎತ್ಕೊಂಡ್ರ ಕೂಸಿಗೆ ಹತ್ತತೈತೇನ್ರಿ?"

"ಇಲ್ರಿ. ಗುಳಿಗಿ ತಗೊಂಡು ಆರಾಮಾಗ್ರಿ, ಬೇಕಾದಷ್ಟು ಎತ್ಕೊಳ್ರಿ."

"ಹಂಗಾರ ನಂದು ಒಡೀಲಿ ಬಿಡ್ರಿ," ಎಂದಳು ಕಾಡವ್ವ.