ಕುರಿ ಹತ್ತುವ ದಿಬ್ಬದಿಂದ ಬಸ್ಸು ಹತ್ತಿದವರು

ಸುಮಿತ್ರಾ ಪರಮೇಶ್

ಚಿತ್ರದುರ್ಗ ಸೀಮೆಯಲ್ಲಿ ಅಂಗವಿಕಲರ ಹಕ್ಕಿನ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಏಕಾಂತಮ್ಮನವರದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪ್ರೌಢಶಾಲೆಗಳಲ್ಲಿ ಮೂರೂವರೆ ದಶಕ ಸಮಾಜ ವಿಜ್ಞಾನ ಬೋಧಿಸಿ ಕಳೆದ ತಿಂಗಳು ನಿವೃತ್ತರಾದ ಈ ಹಿರಿಯರು ಪಾಠಕ್ಕಿಂತ ಹೆಚ್ಚಾಗಿ ಮೆಟ್ಟಿಲುಗಳ ಮೇಲೆ ಜಗಳವಾಡಿದರೆಂದು ಅವರನ್ನು ಕಂಡರಾಗದವರು ಹೇಳುವುದುಂಟು. ಅವರ ಸಹೋದ್ಯೋಗಿಯಾಗಿದ್ದ ನಾನು ಆ ಮಾತನ್ನು ಹೆಮ್ಮೆಯಿಂದಲೇ ಒಪ್ಪುತ್ತೇನೆ.

ಯಲ್ಲದಕೆರೆಯ ಕುರಿ ಸಾಕುವ ಮನೆತನದಲ್ಲಿ ಹುಟ್ಟಿದ ಅವರಿಗೆ ಎಳವೆಯಲ್ಲೇ ಪೋಲಿಯೊ ತಗುಲಿ ಎರಡೂ ಕಾಲುಗಳು ಸೋತವು. ಕಾಲಿಗೆ ಆಸರೆಯ ಕಬ್ಬಿಣದ ಕ್ಯಾಲಿಪರ್ ಕಟ್ಟಿ, ಊರುಗೋಲು ಹಿಡಿದು ಸಮತಟ್ಟಾದ ನೆಲದಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದರು. ಬಸ್ಸಿನ ಎತ್ತರದ ಮೆಟ್ಟಿಲು ಮಾತ್ರ ಆಗದು. ಹಿರಿಯೂರಿನಲ್ಲಿ ಕೆಲಸ ಸಿಕ್ಕ ಮೇಲೆ ದಿನಾ ಬೆಳಿಗ್ಗೆ ಯಾರಾದರೂ ಇಬ್ಬರು ಅವರನ್ನು ಎತ್ತಿ ಬಸ್ಸಿನೊಳಗೆ ಕೂರಿಸುತ್ತಿದ್ದರು. ಎತ್ತುವವರ ಮನಸ್ಸು ಒಳ್ಳೆಯದೇ. ಆದರೆ ಇಪ್ಪತ್ತೈದರ ಹೆಣ್ಣುಮಗಳು, ಪಾಠ ಹೇಳುವ ಟೀಚರು, ಕಂಡಕಂಡವರ ತೋಳಿನಲ್ಲಿ ತೂಗಾಡಬೇಕು. ಸರಿದ ಸೆರಗು ಎಳೆದುಕೊಳ್ಳಲೂ ಕೈ ಬಿಡುವಿರದು. ಹೀಗೇ ಆದರೆ ಕೆಲಸವನ್ನೇ ಬಿಡುವುದೆಂದು ಅವರು ಮನಸ್ಸು ಮಾಡಿದ್ದರಂತೆ.

ಊರ ಮುಂದಿನ ರಸ್ತೆ ಬದಿಯಲ್ಲಿ ಕುರಿಗಳನ್ನು ಲಾರಿಗೆ ಹತ್ತಿಸಲು ಅವರ ತಂದೆ ಚಿತ್ರಲಿಂಗಪ್ಪನವರು ಪೇರಿಸಿದ್ದ ಮಣ್ಣಿನ ದಿಬ್ಬವೊಂದಿತ್ತು. ದಿಬ್ಬದಿಂದ ಲಾರಿಗೆ ಹಲಗೆ ಇಟ್ಟರೆ ಸಾಕು, ಮಂದೆ ಸರಸರ ಹತ್ತುತ್ತಿತ್ತು. ಒಂದು ಮುಂಜಾನೆ ಅದನ್ನು ನೋಡುತ್ತ ನಿಂತಿದ್ದ ಏಕಾಂತಮ್ಮನವರು, ನಾಳೆಯಿಂದ ಬಸ್ಸನ್ನೂ ಅಲ್ಲೇ ನಿಲ್ಲಿಸಬೇಕೆಂದು ಡ್ರೈವರ್ ಓಬಯ್ಯನವರನ್ನು ಕೇಳಿದರು.

“ಕುರಿ ಹತ್ತೋ ಜಾಗದಾಗೆ ನಿಮ್ಮನ್ನ ಹತ್ತಿಸಿದ್ರೆ ಮರ್ಯಾದಿ ಐತೇನ್ರಿ ಮೇಡಂ? ಊರೋರು ನನ್ನ ಬೈತಾರೆ.”

“ಕುರಿ ತಾನೇ ನಡ್ಕಂಡು ಹತ್ತುತ್ತೆ ಓಬಯ್ಯಣ್ಣ. ಮೂಟೆ ಎತ್ತಿದಂಗೆ ಎತ್ತಿಸ್ಕಳ್ಳೋಳು ನಾನು. ಮರ್ಯಾದಿ ಯಾರಿಗೈತೆ, ನೀವೇ ಹೇಳ್ರಿ.”

ಮರುದಿನವೇ ಓಬಯ್ಯನವರು ಸೀಟಿನಡಿಗೆ ಹಲಗೆಯೊಂದನ್ನು ತಂದು ಇಟ್ಟುಕೊಂಡರು. ಕೆಲವೇ ದಿನಗಳಲ್ಲಿ ಬಸುರಿಯರು, ಮುದುಕರು, ತೆಂಗಿನಕಾಯಿ ಮೂಟೆ ಹೊತ್ತವರು ಎಲ್ಲರೂ ದಿಬ್ಬದ ಮೇಲೆಯೇ ಬಸ್ಸಿಗೆ ಕಾಯತೊಡಗಿದರು.

ಅಲ್ಲಿಂದ ಹಿಡಿದ ಹಟವನ್ನು ಅವರು ಮತ್ತೆ ಬಿಡಲಿಲ್ಲ. ಹೋದ ಊರುಗಳಲ್ಲೆಲ್ಲ ಶಾಲೆಗೆ, ಮತಗಟ್ಟೆಗೆ, ಕಚೇರಿಗೆ ಇಳಿಜಾರು ದಾರಿ ಬೇಕೆಂದು ಅಲೆದರು, ಬರೆದರು, ಬೈಸಿಕೊಂಡರು. ಹೊಸದುರ್ಗದಲ್ಲಿ ನಾನು ಜೊತೆಗಿದ್ದಾಗ ಕಚೇರಿಯೊಂದರ ಇಳಿಜಾರು ಬೈಕು ನಿಲ್ಲಿಸುವ ಜಾಗವಾಗಿತ್ತು. ನಾನು ಅಕ್ಕ ಎಂದೇ ಕರೆಯುವ ಅವರು ಅಲ್ಲೇ ಬೈಕುಗಳ ನಡುವೆ ಕೂತು ಬುತ್ತಿ ಬಿಚ್ಚಿದರು. ಬೈಕಿನವರು ಬಂದಾಗ, “ಬರ್ರಿ, ಕುಂತ್ಕಳ್ರಿ, ರೊಟ್ಟಿ ಐತೆ” ಎಂದು ಉಪಚರಿಸಿದರು. ಮಾರನೆಯ ದಿನ ಅಲ್ಲಿ ಒಂದು ಬೈಕೂ ಇರಲಿಲ್ಲ.

ನನ್ನ ತಾಯಿಗೆ ಲಕ್ವ ಹೊಡೆದಾಗ ಎಲ್ಲರೂ ಹಣ್ಣು ತಂದರು. ಅಕ್ಕ ಗಾರೆಯವರನ್ನು ಕರೆತಂದು ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದರು. ಅಮ್ಮ ಕೊನೆಯವರೆಗೂ ತನ್ನ ಸ್ನಾನವನ್ನು ತಾನೇ ಮಾಡಿಕೊಂಡಳು. ಆ ಋಣವನ್ನು ನಾನು ತೀರಿಸಲಾರೆ.

ನಿವೃತ್ತಿಯ ದಿನ ಯಲ್ಲದಕೆರೆಯವರು ಟ್ರ್ಯಾಕ್ಟರಿಗೆ ಹೂವು ಕಟ್ಟಿ ಮೆರವಣಿಗೆಗೆ ಸಜ್ಜಾಗಿದ್ದರು. ಹಳೆಯ ಶಿಷ್ಯರು ಪ್ರೀತಿಯಿಂದಲೇ ಅವರನ್ನು ಎತ್ತಲು ಬಂದರು.

“ಕೈ ಹಚ್ಚಬೇಡ್ರಪ್ಪ. ದಿಬ್ಬದತ್ರ ಹೋಗಾಣ.”

ಅಲ್ಲಿ ಹಲಗೆ ಹಾಕಿಸಲು ಓಬಯ್ಯನವರು ಕಾದಿದ್ದರು. ಎಂಬತ್ತು ದಾಟಿದ ಅವರ ಕೈಯಲ್ಲೂ ಈಗ ಕೋಲು. ಅಕ್ಕ ನಿಧಾನವಾಗಿ ನಡೆದು ಹೋಗಿ ಟ್ರೇಲರಿನಲ್ಲಿ ಕೂತು, ಪಕ್ಕದ ಕುರ್ಚಿ ತೋರಿಸಿದರು.

“ನನ್ನ ಕೈಲಾಗಲ್ಲ ತಾಯಿ. ಮಂಡಿ ಹೋಗ್ಯಾವೆ, ಟ್ರ್ಯಾಕ್ಟರ್ ಎಲ್ಲಿ ಹತ್ಲಿ?”

“ನಿಮ್ಮ ಕಾಲ ಮುಂದೇನೇ ಹಲಗೆ ಐತಲ್ಲ ಓಬಯ್ಯಣ್ಣ.”

ಅವರು ಹಲಗೆಯನ್ನು ಹೊಸದಾಗಿ ಕಂಡವರಂತೆ ನೋಡಿದರು. ಕೋಲೂರಿ, ಒಂದೊಂದೇ ಹೆಜ್ಜೆ ಇಟ್ಟು, ಯಾರ ಕೈಯನ್ನೂ ಹಿಡಿಯದೆ ನಡೆದುಹೋಗಿ ಅಕ್ಕನ ಪಕ್ಕ ಕೂತರು.

ಅಕ್ಕನಿಗೆ ಇನ್ನು ಶಾಲೆಯ ಗಂಟೆಯ ಹಂಗಿಲ್ಲ. ಮೆಟ್ಟಿಲು ಕಟ್ಟಿ ಇಳಿಜಾರು ಮರೆತವರು ಎಚ್ಚರದಿಂದಿರುವುದು ಒಳ್ಳೆಯದು. ಏಕಾಂತಕ್ಕ, ಆರೋಗ್ಯದಿಂದ ನೂರು ವರ್ಷ ಬಾಳಿ, ಜಗಳ ಮಾತ್ರ ನಿಲ್ಲಿಸಬೇಡಿ. ಒಂದಲ್ಲ ಒಂದು ದಿನ ನಾವೂ ಆ ಹಲಗೆಯ ಮುಂದೆ ಬಂದು ನಿಲ್ಲುವವರೇ.