ಬಾಬಿನ್ ಗಾಲಿಯ ರೈಲು

ಇದನ್ನು ಹೇಳಲು ನಾನು ಬಹಳ ವರ್ಷಗಳಿಂದ ಸಿದ್ಧನಾಗುತ್ತಲೇ ಇದ್ದೇನೆ. ಮೊದಲು ನೌಕರಿ ಕಾಯಂ ಆಗಲಿ ಎಂದೆ, ಆಯಿತು. ಮಗಳ ಮದುವೆ ಮುಗಿಯಲಿ ಎಂದೆ, ಮುಗಿಯಿತು. ನಿವೃತ್ತಿಯಾಗಲಿ, ಕಣ್ಣಿನ ಪೊರೆ ತೆಗೆಸಿಕೊಳ್ಳೋಣ, ಬಿಸಿಲು ಇಳಿಯಲಿ ಎಂದೆ. ವಿಜಯಪುರದಲ್ಲಿ ಬಿಸಿಲು ಇಳಿಯುವುದನ್ನು ಕಾಯುತ್ತ ಕೂತವನಿಗೆ ನೆಪದ ಕೊರತೆ ಬರುವುದಿಲ್ಲ. ನೀವೂ ಈ ಕಡೆಯವರಾದರೆ ಬಲ್ಲಿರಿ.

ಕಳೆದ ಭಾನುವಾರ ಜಲನಗರದ ನಮ್ಮ ನೆರೆಯವರಾದ ದೇಸಾಯಿಯವರು ನನ್ನ ನೆಪಗಳನ್ನೆಲ್ಲ ಕಸಿದುಕೊಂಡರು. ಅವರು ನಿವೃತ್ತ ಎಂಜಿನಿಯರು, ಸೇತುವೆ ಕಟ್ಟಿಸಿದವರು. ಈಗ ಒಂದು ಪುಟ್ಟ ರೈಲು ತರಿಸಿಕೊಂಡು ಊಟದ ಮೇಜಿನ ಮೇಲೆ ಹಳಿ ಹಾಸಿದ್ದಾರೆ. ಮನೆಯವರೆಲ್ಲ ನೆಲದ ಮೇಲೆ ಉಣ್ಣುತ್ತಾರೆ. "ನೋಡ್ರಿ, ರಿಟೈರ್ ಆದಮ್ಯಾಲೆ ಮನ್ಯಾಗ ಸ್ಟೇಷನ್ ಮಾಸ್ತರ ಆಗ್ಯಾರ" ಎಂದು ಅವರ ಹೆಂಡತಿ ನನಗೆ ಚಹಾ ಕೊಟ್ಟರು.

ನಾನು ಹೋದಾಗ ಹಿಂದಿನ ಡಬ್ಬಿ ಹಳಿ ಬಿಟ್ಟು ಇಳಿದಿತ್ತು. ದೇಸಾಯಿಯವರು ಅದನ್ನು ಎರಡು ಬೆರಳಲ್ಲಿ ಎತ್ತಿ ಕೂರಿಸುತ್ತಿದ್ದರು. ಮುಂದಿನ ಗಾಲಿ ಕೂತರೆ ಹಿಂದಿನದು ಇಳಿಯುತ್ತಿತ್ತು, ಹಿಂದಿನದನ್ನು ಒತ್ತಿದರೆ ಮುಂದಿನದು ಮುನಿಸಿಕೊಳ್ಳುತ್ತಿತ್ತು. ಸೇತುವೆ ಕಟ್ಟಿಸಿದ ಕೈ ಬೆವರುತ್ತಿತ್ತು. ನೋಡಲಾರದೆ, "ಒಂದು ಹಳೆ ಲಗ್ನಪತ್ರಿಕಿ ಕೊಡ್ರಿ" ಎಂದೆ. ಅದನ್ನು ಮಡಿಸಿ ಗಾಲಿಯ ಕೆಳಗೆ ಇಳಿಜಾರಾಗಿ ಸರಿಸಿ, ಡಬ್ಬಿಯನ್ನು ಎತ್ತದೆ ಮೆಲ್ಲಗೆ ಹಿಂದಕ್ಕೆ ನೂಕಿದೆ. ನಾಲ್ಕೂ ಗಾಲಿ ಪತ್ರಿಕೆಯನ್ನು ಏರಿ, ಟಕ್ ಎಂದು ಹಳಿಯ ಮೇಲೆ ಬಿದ್ದವು.

"ಎಲ್ಲಿ ಕಲತ್ರಿ ಇದನ್ನ?" ದೇಸಾಯಿಯವರು ಕೇಳಿದರು. "ನಿಮ್ಮ ಗ್ವಾಡಿ ಮ್ಯಾಲಿನ ಸರ್ಟಿಫಿಕೇಟ ಇದಕ್ಕ ಬಂದದ್ದೇನು?"

ಇದಕ್ಕೆ ನನ್ನಲ್ಲೊಂದು ಸಿದ್ಧ ಉತ್ತರವಿದೆ. ಸುಮಾರು ಐವತ್ತು ವರ್ಷ ಬಳಸಿ ನುಣುಪಾದದ್ದು: "ಹೌದ್ರಿ, ನನ್ನ ತಲಿಗೇ ಹೊಳದದ್ದು." ಅಂದು ಅದು ನಾಲಿಗೆಯ ತನಕ ಬಂದು ಅಲ್ಲೇ ನಿಂತಿತು. ಏಕೆ ನಿಂತಿತೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಎಪ್ಪತ್ತರ ದಶಕದ ಟಿಕೋಟಾಕ್ಕೆ ಬರಬೇಕು. ಚಹಾ ಆರಿದರೆ ಆರಲಿ.

ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ತಗಡಿನ ಮಿಸ್ತ್ರಿ ಇದ್ದರು. ಚಿಮಣಿ, ಲಾಳಿಕೆ, ಬಕೆಟ್ಟು, ಹಿಟ್ಟಿನ ಡಬ್ಬಿ ಮಾಡುತ್ತಿದ್ದರು. ಊರೆಲ್ಲ ಅವರನ್ನು ಮಿಸ್ತ್ರಿ ಎನ್ನುತ್ತಿತ್ತು. ಹೆಸರು ಇರಲಿಲ್ಲವೆಂದಲ್ಲ, ನನ್ನ ಬಾಯಿಗೆ ಅದು ಬಾರದೆ ಬಹಳ ಕಾಲವಾಯಿತು. ನಾನು ಎದುರು ಮನೆಯವನು, ಎಸ್ಸೆಸ್ಸೆಲ್ಸಿ ಪಾಸಾದವನು. ಓಣಿಯಲ್ಲಿ ಹಾಗೆ ಪಾಸಾದವನು ನಾನೊಬ್ಬನೇ ಆದದ್ದರಿಂದ ಜಗತ್ತಿನ ಎಲ್ಲ ವಿಷಯದಲ್ಲೂ ನನ್ನ ಮಾತೇ ಕೊನೆಯದೆಂದು ತಿಳಿದಿದ್ದೆ. ಓಣಿಯವರೂ ಹಾಗೇ ತಿಳಿದದ್ದು ಅವರ ದುರ್ದೈವ.

ಆ ಹೊತ್ತಿಗೆ ಸಂತೆಗೆ ಪ್ಲಾಸ್ಟಿಕ್ ಬಕೆಟ್ಟು ಬಂತು. ಕೆಂಪು, ಹಸಿರು, ತುಕ್ಕು ಹಿಡಿಯದ್ದು. ಮಿಸ್ತ್ರಿಯ ಬಕೆಟ್ಟುಗಳು ಒಂದರೊಳಗೊಂದು ಕೂತು ಧೂಳು ತಿನ್ನತೊಡಗಿದವು. ಖಾಲಿ ಕೂರಲಾರದ ಮಿಸ್ತ್ರಿ ಒಂದು ರೈಲು ಮಾಡಿದರು. ಇಂಜಿನ್ನಿಗೆ ಎಣ್ಣೆಡಬ್ಬಿಯ ತಗಡು, ಒಳಗೆ ಕೆಟ್ಟ ಗಡಿಯಾರದ ಸ್ಪ್ರಿಂಗು. ಹಳಿಗೆ ಹಳೆಯ ಕೊಡೆಗಳ ಕಡ್ಡಿ. ಗಾಲಿಗೆ ಹೊಲಿಗೆ ಯಂತ್ರದ ದಾರ ಸುತ್ತುವ ಬಾಬಿನ್: ಒಂದು ಬದಿಯ ಅಂಚನ್ನು ಕಾನಸಿನಿಂದ ಉಜ್ಜಿ ತೆಗೆದರೆ ಥೇಟು ರೈಲಿನ ಗಾಲಿ. ಅಂಥ ಎರಡು ಬಾಬಿನ್ನುಗಳನ್ನು ಒಂದು ಸೈಕಲ್ ಕಡ್ಡಿಯ ತುಂಡಿಗೆ ಬಿಗಿಯುತ್ತಿದ್ದರು. "ಬಕೀಟ ಕೊಳ್ಳಾಕ ಯಾರೂ ಬರಲಿಲ್ಲಂತ ಈಗ ರೈಲು ಹೊಡ್ಯಾಕತ್ತಾರ" ಎಂದು ಅವರ ಹೆಂಡತಿ ಒಳಗಿನಿಂದ ಹೇಳುತ್ತಿದ್ದರು. ಹೇಳಿ, ತಮ್ಮ ಯಂತ್ರದ ಕೊನೆಯ ಬಾಬಿನ್ನನ್ನೂ ತಂದು ಕೊಡುತ್ತಿದ್ದರು.

ರೈಲು ಹಳಿ ಬಿಟ್ಟಾಗೆಲ್ಲ ನಾನು ಎತ್ತಿ ಕೂರಿಸಲು ಕೈ ಹಾಕುತ್ತಿದ್ದೆ. "ಎತ್ತಬ್ಯಾಡೋ ತಮ್ಮಾ" ಎನ್ನುತ್ತಿದ್ದರು. "ಎತ್ತಿದ್ರ ನಾಕ ಗಾಲಿ ನಾಕ ದಿಕ್ಕ ನೋಡತಾವ. ಎಲ್ಲಿ ಇಳದೈತಿ, ಅಲ್ಲಿಗೇ ಹಿಂದಕ ಕರಕೊಂಡು ಹೋಗು. ತಾನ ಏರತೈತಿ." ಅದಕ್ಕೆಂದೇ ಬೆರಳುದ್ದದ ಒಂದು ತಗಡಿನ ಪಟ್ಟಿ ಮಾಡಿದ್ದರು.

ಆಗ ನಾನು ಬಬಲೇಶ್ವರದ ಕಡೆ ಒಂದು ಹೈಸ್ಕೂಲಿನಲ್ಲಿ ಹಂಗಾಮಿ ಗುಮಾಸ್ತ. ಶಾಲೆಯಲ್ಲಿ ವಸ್ತುಪ್ರದರ್ಶನ ಇತ್ತು, ಕೈಕಸಬು ಕಲಿಸುವ ಮಾಸ್ತರರ ಜಾಗ ಖಾಲಿ ಇತ್ತು. ನಾನು ಹೆಡ್‌ಮಾಸ್ತರರಿಗೆ ಮಿಸ್ತ್ರಿಯ ವಿಷಯ ಹೇಳಿದೆ. "ಪ್ರದರ್ಶನ ನೋಡಾಕ ಬರೋ ಶಿಕ್ಷಣ ಇಲಾಖೆ ಸಾಹೇಬರ ಮುಂದ ರೈಲು ಒಂದು ಸುತ್ತು ಪೂರಾ ಹೊಡೀಲಿ. ಆ ಜಾಗಾ ಅವರಿಗೇ" ಎಂದರು ಹೆಡ್‌ಮಾಸ್ತರರು. ಈ ಕಥೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇಲ್ಲಿಗೆ ಮುಗಿಯಿತು. ಮುಂದೆ ಹುಡುಕಬೇಡಿ.

ಪ್ರದರ್ಶನದ ದಿನ ಶುಕ್ರವಾರ. ಮಿಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಟ್ರಂಕಿನಲ್ಲಿ ರೈಲು ಹೊತ್ತು ಎರಡು ಬಸ್ಸು ಬದಲಿಸಿ ಬಂದಿದ್ದರು. ಮೇಜಿನ ಮೇಲೆ ಹಳಿ ಜೋಡಿಸಿ ಎರಡು ಸುತ್ತು ಓಡಿಸಿ ನೋಡಿ, ನನಗೆ ಕಾಯಲು ಹೇಳಿ ನಮಾಜಿಗೆ ಹೋದರು. ಕಾಯುವುದೆಂದರೆ ಸುಮ್ಮನೆ ಕೂರುವುದು. ಓದಿದವನು ಸುಮ್ಮನೆ ಕೂರುವುದುಂಟೆ? ಗಾಲಿಗಳು ಹಳಿಗಳ ನಡುವೆ ಸ್ವಲ್ಪ ಅಲುಗುತ್ತಿದ್ದವು. ಶಾಲೆಯ ಅಡಿಪಟ್ಟಿ ಹಿಡಿದು ಅಳೆದೆ. ಹೌದು, ಎರಡೂ ಬದಿಗೆ ಸಡಿಲ. ಅಂದಾಜಿನ ಕೆಲಸ ಹೀಗೇ ಎಂದು ಮರುಕಪಟ್ಟು, ಒಂದೊಂದು ಬಾಬಿನ್ನನ್ನೂ ಸೈಕಲ್ ಕಡ್ಡಿಯ ಮೇಲೆ ಹೊರಕ್ಕೆ ಜಗ್ಗಿ ಹಳಿಗೆ ಸರಿಯಾಗಿ ಬಿಗಿ ಮಾಡಿದೆ. ನೇರ ಹಳಿಯ ಮೇಲೆ ನೂಕಿ ನೋಡಿದೆ. ಎಳ್ಳಷ್ಟೂ ಅಲುಗಲಿಲ್ಲ. ರೇಖಾಗಣಿತದಲ್ಲಿ ನನಗೆ ಒಳ್ಳೆಯ ಅಂಕ ಬಂದಿದ್ದವು.

ಮಿಸ್ತ್ರಿ ಬಂದರು, ಅದೇ ಹೊತ್ತಿಗೆ ಸಾಹೇಬರ ಜೀಪೂ ಬಂತು. ಮಿಸ್ತ್ರಿ ಕೀಲಿ ಕೊಟ್ಟು ಬಿಟ್ಟರು. ರೈಲು ನೇರ ಹಳಿಯಲ್ಲಿ ಚಂದವಾಗಿ ಹೋಗಿ, ತಿರುವಿಗೆ ಬಂದದ್ದೇ ಹಳಿ ಹತ್ತಿ ಆಚೆ ಇಳಿಯಿತು. ಮಿಸ್ತ್ರಿ ತಗಡಿನ ಪಟ್ಟಿ ಇಟ್ಟು ಏರಿಸಿದರು. ಮತ್ತೆ ಇಳಿಯಿತು. ಮೂರನೆಯ ಸಲ ಸಾಹೇಬರು, "ಏನ್ರಿ, ನಿಮ್ಮ ರೈಲು ಹೊಲದ ಕಡೆನ ಹೊಂಟೈತಲ್ಲ" ಎಂದರು. ಎಲ್ಲರೂ ನಕ್ಕರು. ಮಿಸ್ತ್ರಿ ಗಾಲಿಗೂ ಹಳಿಗೂ ನಡುವೆ ಉಗುರು ತೂರಿಸಲು ನೋಡಿದರು. ತೂರಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದರು.

ಒಂದು ಮಾತು ಸಾಕಿತ್ತು. ನನ್ನ ಬಾಯಿಯಿಂದ ಮಾತೂ ಬಂತು. "ನಾ ಮೊದಲ ಹೇಳಿದ್ದೆ ಸರ್. ಅವರು ಸಾಲಿ ಕಲತವರಲ್ಲ, ಎಲ್ಲಾ ಅಂದಾಜಿಲೇ ಮಾಡತಾರ."

ಹೇಳಿ ಅಲ್ಲಿಗೇ ಬಿಡಲಿಲ್ಲ. ಅವರ ಕೈಯಿಂದಲೇ ಪಟ್ಟಿ ಇಸಿದುಕೊಂಡು ರೈಲನ್ನು ಹಳಿಗೆ ಏರಿಸಿ, ನೇರ ಹಳಿಯಲ್ಲಷ್ಟೇ ಹಿಂದೆ ಮುಂದೆ ಓಡಿಸಿದೆ. ಸಾಹೇಬರು ಚಪ್ಪಾಳೆ ತಟ್ಟಿದರು. ಸಮಯಪ್ರಜ್ಞೆಗಾಗಿ ನನಗೆ ಪ್ರಶಂಸಾಪತ್ರ ಬಂತು, ಮರುವರ್ಷ ನೌಕರಿ ಕಾಯಂ ಆಯಿತು. ಕೈಕಸಬಿನ ಜಾಗ ಹೆಡ್‌ಮಾಸ್ತರರ ಷಡ್ಡಕರಿಗೆ ಹೋಯಿತು. ಅವರು ನಿವೃತ್ತರಾಗುವ ತನಕ ಕೈಯನ್ನು ಕಸಬಿನಿಂದ ದೂರವೇ ಇಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಮಿಸ್ತ್ರಿಯ ಪಕ್ಕದ ಸೀಟೇ ನನಗೆ ಸಿಕ್ಕಿತು. ಟ್ರಂಕು ಅವರ ತೊಡೆಯ ಮೇಲಿತ್ತು. ಸಾರವಾಡ ದಾಟಿದ ಮೇಲೆ, ಬೈಯುವ ದನಿಯಲ್ಲಲ್ಲ, ದಿನಾ ಕಲಿಸುವ ದನಿಯಲ್ಲೇ ಹೇಳಿದರು: "ಗಾಲಿಗೆ ಒಂದೀಟು ಸಡಲ ಬೇಕಾಗತೈತಿ ತಮ್ಮಾ. ಬಿಗಿ ಆದ್ರ ತಿರುವಿನ್ಯಾಗ ಏರತೈತಿ." ನಾನು ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ಜೋಳದ ಹೊಲ ನೋಡಿದೆ.

ಮನೆಗೆ ಬಂದಾಗ ತಗಡಿನ ಪಟ್ಟಿ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಕೊಡಬೇಕಾದರೆ ಓಣಿ ದಾಟಬೇಕು. ಹತ್ತು ಹೆಜ್ಜೆ. ಅಷ್ಟು ದೂರ ನಡೆಯಲಾರದೆ ಮೂವತ್ತು ಕಿಲೋಮೀಟರಿನಾಚೆ, ಬಬಲೇಶ್ವರದಲ್ಲೇ ಬಾಡಿಗೆ ಖೋಲಿ ಹಿಡಿದೆ. ಕೆಲವು ವರ್ಷದ ಮೇಲೆ ಬಸ್ಸಿನಲ್ಲಿ ಯಾರೋ, "ನಿಮ್ಮ ಎದರಮನಿ ಮಿಸ್ತ್ರಿ ಹೋಗಿಬಿಟ್ರಲ್ರಿ" ಎಂದರು. ಅವರ ಹೆಂಡತಿ ಇನ್ನೂ ಅದೇ ಮನೆಯಲ್ಲಿದ್ದರು. ಟಿಕೋಟಾದ ಬಸ್ಸು ಅಂದೂ ಇತ್ತು, ಮರುದಿನವೂ ಇತ್ತು.

ದೇಸಾಯಿಯವರು ಇನ್ನೂ ಲಗ್ನಪತ್ರಿಕೆ ಹಿಡಿದು ನನ್ನ ಮುಖ ನೋಡುತ್ತಿದ್ದರು. ಚಹಾದ ಮೇಲೆ ಕೆನೆ ಕಟ್ಟಿತ್ತು.

"ನನ್ನ ತಲಿಗೆ ಹೊಳದದ್ದಲ್ರಿ" ಎಂದೆ. "ಒಬ್ಬರು ಕಲಿಸಿದ್ರು. ಅವರ ರೈಲು ಕೆಡಿಸಿದಾಂವ ನಾನ. ಸರ್ಟಿಫಿಕೇಟ ಬಂದದ್ದು ಅದಕ್ಕ."

ಅವರು ನಗಬೇಕೋ ಬೇಡವೋ ತಿಳಿಯದೆ, "ಯಾರವರು?" ಎಂದರು.

ಆರಿದ ಚಹಾವನ್ನೇ ಒಂದು ಗುಟುಕು ಕುಡಿದು ಹೇಳಿದೆ.

"ಹುಸೇನಸಾಬ. ಟಿಕೋಟಾದ ಹುಸೇನಸಾಬ ಮಿಸ್ತ್ರಿ."